ಹಾದಿ ಬಿಡ್ರಿ

ಕಮಲಾಪುರದ ತೋಟಗಳಿಂದ ಕೆಂಪು ಬಾಳೆಗೊನೆ ತಂದು ಕಲಬುರ್ಗಿ ಬಜಾರದಲ್ಲಿ ಮಾರುವುದು ದೇವೀಂದ್ರಪ್ಪನ ಕಸುಬು. ಹೈದರಾಬಾದ್ ಸಂಸ್ಥಾನದ ಮೇಲೆ ಪೊಲೀಸ್ ಆ್ಯಕ್ಷನ್ ಆಗಿ ಮಳೆಗಾಲ, ಚಳಿಗಾಲ ಎರಡೂ ಕಳೆದು ಬಿಸಿಲು ನೆತ್ತಿಗೇರುವ ಹೊತ್ತಿಗೆ ಆತ ಹಣ್ಣಿನ ಜೊತೆಗೆ ಒಂದು ಸುದ್ದಿಯನ್ನೂ ತಂದ. ಅದನ್ನು ಯಾರಿಗೂ ಹೇಳದೆ ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿದ. ಊಟ ಸೇರಲಿಲ್ಲ. ಕೊನೆಗೆ ಹೆಂಡತಿ ನೀಲಗಂಗಮ್ಮ ಗಂಗಾಳ ಪಕ್ಕಕ್ಕೆ ಸರಿಸಿ ಕೇಳಿಯೇಬಿಟ್ಟಳು.

“ಏನಾಗ್ಯಾದ ನಿಮಗ? ಮೊದಲ ಅದನ್ನ ಹೇಳ್ರಿ, ಆಮ್ಯಾಲ ಉಣ್ರಿ.”

“ಕಮಲಾಪುರದ ಆಚಿ ಗುಡ್ಡದಾಗ ನಡುಮಧ್ಯಾಹ್ನ ಒಬ್ಬಾಕಿ ತಿರುಗ್ತಾಳಂತ. ದೆವ್ವ ಅಂತಾರ ಮಂದಿ. ಹಾದಿ ಬದಿಗಿ ನೀರಿನ ಗಡಿಗಿ ಇಡ್ತಾಳಂತ. ಬರ್ರಿ, ನೀರು ಕುಡದು ಹೋಗ್ರಿ ಅಂತ ಕರೀತಾಳಂತ.”

“ದೆವ್ವದ ಮಾತಿಗಿ ಊಟ ಬಿಡ್ತಾರೇನ್ರಿ?”

“ಕರಿಯೂದು ಉರ್ದುದಾಗಂತ. ಆ ಗುಡ್ಡದ ಆಚಿಗೇ ಕರಿಬಂಡಿ ವಾಡಿ ಅದ.”

ನೀಲಗಂಗಮ್ಮ ಗಂಗಾಳ ಅಲ್ಲೇ ಬಿಟ್ಟು ಎದುರಿಗೆ ಕೂತಳು. ಕರಿಬಂಡಿ ವಾಡಿ ಅಂದರೆ ಲಾಲ್‌ಬಿಯನ್ನು ಕೊಟ್ಟ ಊರು. ಲಾಲ್‌ಬಿ ಮೋಮಿನಪುರದ ಟಾಂಗಾದ ಕರೀಂಸಾಬನ ತಂಗಿ. ಆ ಕರೀಂಸಾಬ ಈ ಮನೆಗೆ ಬರೀ ಪರಿಚಯದವನಲ್ಲ. ರಜಾಕಾರರ ಹಾವಳಿ ಜೋರಾದ ದಿನಗಳಲ್ಲಿ ಗಂಡಹೆಂಡತಿ ಇಬ್ಬರನ್ನೂ ತನ್ನ ಕುದುರೆ ಲಾಯದ ಅಟ್ಟದ ಮೇಲೆ ಹುಲ್ಲಿನ ಹಿಂದೆ ಬಚ್ಚಿಟ್ಟು, ತನ್ನ ಮನೆಯ ರೊಟ್ಟಿ ಹಾಕಿ ಉಳಿಸಿದವನು. ಸಪ್ಟೆಂಬರಿನಲ್ಲಿ ಕಾಲ ತಿರುಗಿ, ಬಡಿಗೆ ಹಿಡಿದ ಮಂದಿ ಮೋಮಿನಪುರದ ಕಡೆ ಮುಖ ಮಾಡಿದಾಗ ದೇವೀಂದ್ರಪ್ಪ ಹಣೆತುಂಬ ವಿಭೂತಿ ಬಳಿದುಕೊಂಡು ಅವನ ಬಾಗಿಲ ಮುಂದೆ ಕಾಲು ಚಾಚಿ ಕುಂತಿದ್ದ. ಬಾಗಿಲು ಉಳಿಯಿತು. ಆದರೆ ಕರಿಬಂಡಿ ವಾಡಿಯಿಂದ ಮಾತ್ರ ಒಂದು ಸುದ್ದಿಯೂ ಬರಲಿಲ್ಲ. ವಾಡಿಯ ಮಂದಿಯೆಲ್ಲ ಲಾರಿ ಹತ್ತಿ ಹೈದರಾಬಾದಿಗೆ ಹೋದರು ಅಂತ ಯಾರೋ ಹೇಳಿದರು. ಕರೀಂಸಾಬ ಅದನ್ನೇ ನಂಬಿ, ದಿನಾ ಸ್ಟೇಷನ್ನಿಗೆ ಟಾಂಗಾ ಹೊಡೆದುಕೊಂಡು ಹೋಗಿ, ಹೈದರಾಬಾದಿನ ಗಾಡಿಯಿಂದ ಇಳಿಯುವ ಹೆಂಗಸರ ಮುಖ ನೋಡುತ್ತಿದ್ದ.

“ಹೇಳಿಬಿಡ್ರಿ ಅವರಿಗಿ,” ಎಂದಳು ನೀಲಗಂಗಮ್ಮ. “ಸುಳ್ಳಾದ್ರ ನಡಕೊಂಡು ಬಂದದ್ದಷ್ಟೇ ದಂಡ. ಖರೇ ಆದ್ರ?”

ಕರೀಂಸಾಬ ಕುದುರೆಗೆ ಮೈ ತಿಕ್ಕುತ್ತಿದ್ದವನು ಸುದ್ದಿ ಕೇಳಿ ತಿಕ್ಕುವುದನ್ನು ನಿಲ್ಲಿಸಲಿಲ್ಲ. ಒಂದೇ ಜಾಗವನ್ನು ತಿಕ್ಕಿದ, ತಿಕ್ಕಿದ, ಕುದುರೆಯೇ ಬೇಸತ್ತು ಪಕ್ಕಕ್ಕೆ ಸರಿಯಿತು. ಆಮೇಲೆ, “ನಾಳಿಗಿ ಟಾಂಗಾ ಕಟ್ತೇನಿ, ನೀ ಬರ್ತಿಯೇನು?” ಎಂದ.

“ಕೇಳೂದೇನದ ಕರೀಂಭಾಯ್?”

ಮರುದಿನ ಸಂಜೆಗೆ ಕಮಲಾಪುರ ಮುಟ್ಟಿ, ದೇವೀಂದ್ರಪ್ಪನಿಗೆ ಹಣ್ಣು ಕೊಡುವ ತೋಟದ ಹಣಮಮ್ಮನ ಮನೆಯಲ್ಲಿ ಇಳಿದುಕೊಂಡರು. ಹಣಮಮ್ಮ ಐವತ್ತು ದಾಟಿದ ಗಟ್ಟಿ ಹೆಂಗಸು, ಗಂಡ ಸತ್ತ ಮೇಲೆ ತೋಟವನ್ನು ತಾನೇ ನಡೆಸಿದಾಕೆ. ಗುಡ್ಡದ ಮಾತು ಎತ್ತಿದ್ದೇ ತಡ, ಒಲೆಯ ಕಡೆ ತಿರುಗಿಬಿಟ್ಟಳು.

“ಮ್ಯಾಲ ಹೋಗಬ್ಯಾಡ್ರೆಪಾ. ಆ ವಾಡ್ಯಾಗ ಈಗ ಯಾರೂ ಇಲ್ಲ.”

“ಗಂಡಸರು ಎಲ್ಲಿ ಹೋದ್ರವ್ವಾ?” ಕರೀಂಸಾಬ ಕೇಳಿದ.

“ನನಗೇನು ಗೊತ್ತು? ಹೊರಗಿನ ಮಂದಿ ಬಂದಿದ್ರು, ಮುಖಕ್ಕ ಬಟ್ಟಿ ಕಟಗೊಂಡು. ವಾಡಿ ಗಂಡಸರು ಗುಡ್ಡ ಹತ್ಯಾರಂತ. ಬೆನ್ನಿಗಿ ಇವರೂ ಹತ್ಯಾರ. ಇವರಷ್ಟೇ ಇಳದು ಬಂದ್ರು.” ಅಷ್ಟು ಹೇಳಿ ಊದುಗೊಳವೆ ಕೈಗೆ ತೆಗೆದುಕೊಂಡಳು. ಉರಿಯುತ್ತಿದ್ದ ಒಲೆಯನ್ನೇ ಊದಿದಳು.

ಬೆಳಕು ಹರಿಯುವ ಮೊದಲೇ ಎದ್ದು ನೋಡಿದರೆ ಆಕೆ ಬುತ್ತಿ ಕಟ್ಟಿಟ್ಟಿದ್ದಳು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾದ ಹಿಂಡಿ. ಪಕ್ಕದಲ್ಲಿ ಬೇರೊಂದು ಬಟ್ಟೆಯಲ್ಲಿ ಮತ್ತೆರಡು ರೊಟ್ಟಿ. “ಇವು ನಿಮಗಲ್ಲ. ಗುಡ್ಡದ ಬುಡಕ್ಕ ಹಾಸುಗಲ್ಲು ಅದ, ಅದರ ಮ್ಯಾಲ ಇಟ್ಟು ಹೋಗ್ರಿ. ಊರಾಗ ದಿನಾ ಯಾರರ ಒಬ್ಬರು ಇಡ್ತೇವಿ. ಇಡಲಿಲ್ಲಂದ್ರ ಆಕಿ ಕೆಳಗ ಇಳದು ಬರ್ತಾಳಂತ ಅಂಜಿಕಿ.”

ಕರೀಂಸಾಬ ಆ ರೊಟ್ಟಿಯ ಗಂಟನ್ನು ತೆಗೆದುಕೊಂಡು ತನ್ನ ಹೆಗಲ ಚೀಲಕ್ಕೆ ಹಾಕಿಕೊಂಡ. ಹಾಸುಗಲ್ಲು ಬಂದಾಗಲೂ ಇಡಲಿಲ್ಲ. “ನಾನೇ ಕೈಯಾಗ ಕೊಡ್ತೇನಿ,” ಎಂದ.

ಕಮಲಾಪುರದ ತೋಟಗಳ ಹಸಿರು ಬೆನ್ನ ಹಿಂದೆ ಬೀಳುತ್ತಲೇ ನೆಲ ಬೇರೆಯಾಯಿತು. ಕಾಲಡಿ ಕೆಂಪು ಮುರುಮು, ಅದರ ನಡುನಡುವೆ ಸುಟ್ಟ ಹಂಚಿನಂಥ ಕಲ್ಲು. ಜಾಲಿ, ಬಾರಿಕಂಟಿ, ಅಲ್ಲೊಂದು ಇಲ್ಲೊಂದು ಕಳ್ಳಿ. ಯಾವುದರಲ್ಲೂ ಎಲೆಯೆಂಬುದು ಹೆಸರಿಗೂ ಇಲ್ಲ. ಹಾದಿ ಒಣಗಿದ ಹಳ್ಳದ ಗುಂಟ ಹತ್ತುತ್ತ ಹೋಗಿ, ಹಳ್ಳ ಮುಗಿದಲ್ಲಿ ಬಂಡೆಗಳ ನಡುವೆ ನುಸುಳುತ್ತಿತ್ತು. ಕಾಡಿಗೆಯಂಥ ಕರಿ ಬಂಡೆಗಳು. ಹೊತ್ತು ಮೂಡಿ ಸ್ವಲ್ಪ ಹೊತ್ತಿಗೇ ಅವುಗಳಿಂದ ಝಳ ಹೊರಡತೊಡಗಿತು. ಕಾದ ಬಂಡೆ ಎಲ್ಲೋ ಒಳಗೊಳಗೇ ಚಟ್ ಎನ್ನುವುದು, ಸುಮ್ಮನಾಗುವುದು.

ದೇವೀಂದ್ರಪ್ಪ ಈ ಗುಡ್ಡವನ್ನು ಮೊದಲೊಮ್ಮೆ ಹತ್ತಿದ್ದ, ಲಾಲ್‌ಬಿಯ ಮದುವೆಗೆ. ಆಗ ಮಳೆಗಾಲ ಮುಗಿದಿತ್ತು, ಕುರಿಗಳಿದ್ದವು, ಕುರುಬರಿದ್ದರು, ಮದುವೆ ಮಂದಿಯ ಗದ್ದಲವಿತ್ತು. ಈಗ ಒಂದು ಹಕ್ಕಿಯ ದನಿ ಇಲ್ಲ. ಗಾಳಿ ಇಲ್ಲ. ತಮ್ಮ ಚಪ್ಪಲಿಯ ಸಪ್ಪಳ ಮುಂದಿನ ಬಂಡೆಗೆ ಬಡಿದು ತಿರುಗಿ ಬಂದರೆ ಯಾರೋ ಎದುರಿಗೆ ಬಂದಂತೆ ಆಗುತ್ತಿತ್ತು. ಎರಡು ಸಲ ಹಾಗೇ ಅಂದುಕೊಂಡು ನಿಂತ. ಸಪ್ಪಳವೂ ನಿಂತಿತು. ಮೂರನೆಯ ಸಲ ಇಬ್ಬರೂ ನಿಂತ ಮೇಲೂ ಅದು ತುಸು ಹೊತ್ತು ಮುಂದುವರಿಯಿತು. ಕರೀಂಸಾಬ ಅವನ ಮುಖ ನೋಡಿದ. ಇಬ್ಬರೂ ಮತ್ತೆ ಹೆಜ್ಜೆ ಹಾಕಿದರು.

ಹಾದಿ ಕವಲೊಡೆದ ಕಡೆ ಮೊದಲ ಗಡಿಗಿ ಸಿಕ್ಕಿತು.

ಬಂಡೆಯ ನೆರಳಲ್ಲಿ, ದುಂಡಗೆ ಜೋಡಿಸಿದ ಕಲ್ಲುಗಳ ಮೇಲೆ ಕೂತಿತ್ತು. ಬಾಯಿಗೆ ತೆಳುವಾದ ಬಟ್ಟೆ ಕಟ್ಟಿತ್ತು. ಮೇಲೆ ತೆಂಗಿನ ಚಿಪ್ಪು ಬೋರಲು ಹಾಕಿತ್ತು. ಕರೀಂಸಾಬ ಮುಟ್ಟಿದ. ಮಣ್ಣು ಒದ್ದೆಯಾಗಿತ್ತು. ತುಂಬಿದ ಗಡಿಗಿ. ಸುತ್ತ ಹರದಾರಿ ದೂರ ನೀರಿನ ಹೆಸರಿಲ್ಲದ ಆ ಕಲ್ಲುಕಾಡಿನಲ್ಲಿ ಯಾರೋ ಈಗಷ್ಟೇ ತುಂಬಿ ಹೋದಂತಿತ್ತು.

“ಕುಡೀಬ್ಯಾಡ,” ಎಂದ ದೇವೀಂದ್ರಪ್ಪ. ಯಾಕೆ ಹಾಗೆ ಅಂದೆನೆಂದು ಅವನಿಗೇ ತಿಳಿಯಲಿಲ್ಲ. ಕಟ್ಟಿಕೊಂಡು ಬಂದ ತತ್ರಾಣಿಯ ನೀರು ಆಗಲೇ ಅರ್ಧಕ್ಕಿಳಿದಿತ್ತು, ಗಂಟಲು ಒಣಗಿತ್ತು.

“ಇದು ನಮಗಿಟ್ಟಿದ್ದಲ್ಲ,” ಎಂದು ಸಾವಕಾಶ ಸೇರಿಸಿದ.

ಕರೀಂಸಾಬ ಬಟ್ಟೆಯ ಅಂಚನ್ನು ಬೆರಳಲ್ಲಿ ಹಿಡಿದು ನೋಡುತ್ತಿದ್ದ. ಹಸಿರು ಬಣ್ಣ ಬಿಸಿಲಿಗೆ ಬಿಳಿಚಿತ್ತು, ಅಂಚಿನ ಜರಿಯ ಎಳೆ ಮಾತ್ರ ಉಳಿದಿತ್ತು. “ಈ ಓಢಣಿ ನಾನೇ ತಂದದ್ದು. ಮದವಿಗಿ,” ಎಂದ. ಎಂದವನೇ ಎದ್ದು, ಗಡಿಗಿ ಇದ್ದ ಕವಲನ್ನು ಹಿಡಿದು, ಹಿಂದೆ ತಿರುಗದೆ ಹೊರಟುಬಿಟ್ಟ.

ಅಲ್ಲಿಂದ ಮುಂದೆ ಅವರಿಗೆ ಹಾದಿ ಹುಡುಕುವ ಕೆಲಸ ಉಳಿಯಲಿಲ್ಲ. ಒಂದು ಗಡಿಗಿ ಕಣ್ಣಿಗೆ ಮರೆಯಾಗುವ ಹೊತ್ತಿಗೆ ಮತ್ತೊಂದು. ಕೆಲವು ಗಡಿಗಿಗಳ ಬಾಯಿ ಒಡೆದಿತ್ತು, ಒಂದಕ್ಕೆ ಹೊಗೆಯ ಕಪ್ಪು ಮೆತ್ತಿತ್ತು. ಸುಟ್ಟ ಮನೆಗಳಿಂದ ಆರಿಸಿ ತಂದವಿರಬೇಕು. ಕೆಳಗಿನವು ತುಂಬಿದ್ದವು. ಮೇಲೆ ಹೋದಂತೆ ಅರ್ಧಕ್ಕೆ ಬಂದವು. ಕಣಿವೆಯ ತಲೆಗೆ ಹತ್ತಿರವಾದಾಗ ಸಿಕ್ಕ ಗಡಿಗಿ ಪೂರಾ ಖಾಲಿ. ಚಿಪ್ಪು ಪಕ್ಕಕ್ಕೆ ಬಿದ್ದಿತ್ತು, ಬಂಡೆಯ ಮೇಲೆ ನೀರಿನ ಹನಿ ಇನ್ನೂ ಆರುತ್ತಿತ್ತು. ಕುಡಿದು ಈಗ ತಾನೇ ಎದ್ದು ಹೋದ ಹಾಗೆ. ದೇವೀಂದ್ರಪ್ಪ ಸುತ್ತ ನೋಡಿದ. ಬಂಡೆಗಳ ಮೇಲೆ ಬಿಸಿಲ್ಗುದುರೆ ಕುಣಿಯುತ್ತಿತ್ತು. ಅದರೊಳಗೆ ಗುಡ್ಡದ ಬೆನ್ನೇ ಉಸಿರಾಡಿದಂತೆ ಏಳುತ್ತಿತ್ತು, ಇಳಿಯುತ್ತಿತ್ತು.

ಕಣಿವೆಯ ತಲೆಯಲ್ಲಿ ಹಾದಿ ಸ್ವಲ್ಪ ಅಗಲವಾಗಿ, ಕಣದಷ್ಟು ಬಯಲಾಗುತ್ತದೆ. ಅದರ ಒಂದು ಬದಿಗೆ ಕಲ್ಲುಗಳನ್ನು ಒಟ್ಟಿದ್ದರು. ಕುರುಬರು ಗುರುತಿಗೆ ಒಟ್ಟುವ ಗುಡ್ಡೆಯಲ್ಲ ಅದು. ಉದ್ದಕ್ಕಿತ್ತು. ಅವಸರದಲ್ಲಿ ಎಸೆದ ಕಲ್ಲುಗಳು, ಅವುಗಳ ಸಂದಿಯಲ್ಲಿ ಮಳೆಗೆ ಕುಸಿದ ಮಣ್ಣು. ಗುಡ್ಡದ ತುಂಬ ಒಣಹುಲ್ಲಾದರೂ ಇತ್ತು, ಅಲ್ಲಿ ಅದೂ ಇರಲಿಲ್ಲ. ಕಲ್ಲಿನ ಸಂದಿಯಿಂದ ಒಂದು ಚರ್ಮದ ಚಪ್ಪಲಿಯ ತುದಿ ಹೊರಗೆ ಇಣುಕಿತ್ತು.

ಕರೀಂಸಾಬ ಹೆಗಲ ಚೀಲ ಕೆಳಗಿಟ್ಟ. ಆಮೇಲೆ ತಲೆಗೆ ರುಮಾಲು ಸರಿಯಾಗಿ ಸುತ್ತಿ, ಎರಡೂ ಕೈ ಮುಂದೆ ಹಿಡಿದು, ತುಟಿಯಲ್ಲೇ ಫಾತಿಹಾ ಓದಿದ. ದೇವೀಂದ್ರಪ್ಪ ಚಪ್ಪಲಿ ಕಳಚಿ ನಿಂತ. ಕಾಲು ಸುಟ್ಟಿತು, ಆದರೂ ಓದು ಮುಗಿಯುವ ತನಕ ಹಾಗೇ ನಿಂತ. ಹೊರಗಿನವರು ಯಾರು, ಊರಿನವರು ಯಾರು, ಕಲ್ಲು ಎಸೆದ ಕೈಗಳು ಯಾವುವು ಅಂತ ಅವನ ಮನಸ್ಸು ಕೇಳಿತು. ಕಮಲಾಪುರದಲ್ಲಿ ತಾನು ಹಣ್ಣು ಕೊಳ್ಳುವ ಮುಖಗಳು ಒಂದೊಂದಾಗಿ ಕಣ್ಮುಂದೆ ಬಂದವು. ಕೇಳುವುದನ್ನು ಅಲ್ಲಿಗೇ ಬಿಟ್ಟ.

ಆಚೆ ಬದಿಯ ತಗ್ಗಿನಲ್ಲಿ ಕರಿಬಂಡಿ ವಾಡಿ. ಮೇಲಿನಿಂದಲೇ ಕಂಡಿತು. ಮಾಳಿಗೆ ಕುಸಿದ ಮನೆಗಳು, ಹೊಗೆ ಹಿಡಿದ ಗೋಡೆಗಳು, ಬೋಳು ಬೇವಿನ ಮರ. ಇಳಿದು ಹೋದರು. ಒಂದು ಮನೆಯ ಮುಂದೆ ಮಾತ್ರ ಅಂಗಳ ಗುಡಿಸಿತ್ತು. ಬಾಗಿಲಿರಲಿಲ್ಲ. ಒಳಗಿನಿಂದ ಹೊಗೆಯಲ್ಲ, ಒದ್ದೆಮಣ್ಣಿನ ವಾಸನೆ ಬಂತು.

“ಲಾಲ್‌ಬಿ,” ಎಂದು ಕರೀಂಸಾಬ ಕೂಗಿದ. ಕೆಮ್ಮಿ ಮತ್ತೆ ಕೂಗಿದ.

ಆಕೆ ಹಿಂದಿನಿಂದ ಬಂದಳು. ಕೊಡ ಸೊಂಟದ ಮೇಲಿತ್ತು, ಮೈಮೇಲೆ ಬಣ್ಣ ತಿಳಿಯದ ಸೀರೆ. ಇಪ್ಪತ್ತೈದರ ಹುಡುಗಿ, ಬಿಸಿಲಿಗೆ ಕರಿದಾಗಿ ಬಂಡೆಯ ಬಣ್ಣಕ್ಕೇ ಬಂದಿದ್ದಳು. ಕಣ್ಣು ಮಾತ್ರ ತೊಳೆದಿಟ್ಟಂತಿದ್ದವು. ಅಣ್ಣನನ್ನು ನೋಡಿ ಆಶ್ಚರ್ಯಪಡಲಿಲ್ಲ, ಅಳಲಿಲ್ಲ. ನಿನ್ನೆ ಬಂದು ಹೋದವನು ಇವತ್ತೂ ಬಂದಂತೆ ನೋಡಿದಳು.

“ಭಾಯೀ, ನೀ ಬಂದಿ? ಕೂಡು. ನೀರು ಕುಡೀತಿಯೇನು?”

ಅವರು ಮನೆಯಲ್ಲಿ ಆಡುವ ದಖನಿಯಲ್ಲೇ ಮಾತಾಡಿಕೊಂಡರು. ದೇವೀಂದ್ರಪ್ಪನಿಗೆ ಅದೆಲ್ಲ ತಿಳಿಯುತ್ತಿತ್ತು. ಕರೀಂಸಾಬ ಚೀಲದಿಂದ ಹಣಮಮ್ಮನ ರೊಟ್ಟಿ ತೆಗೆದು ಕೈಗೆ ಕೊಟ್ಟ. ಆಕೆ ಅರ್ಧ ತಿಂದಳು, ಉಳಿದ ಅರ್ಧವನ್ನು ಗೂಡಿನಲ್ಲಿಟ್ಟಳು. ಆಮೇಲೆ ಮನೆಯ ಹಿಂದಿನ ಕೊರಕಲಿಗೆ ಕರೆದುಕೊಂಡು ಹೋಗಿ ತೋರಿಸಿದಳು. ದೊಡ್ಡ ಬಂಡೆಯ ಬುಡದಲ್ಲಿ ಬೊಗಸೆಯಷ್ಟು ಒರತೆ. ಚಿಪ್ಪಿನಿಂದ ತೋಡಿ ತೋಡಿ ಕೊಡ ತುಂಬಿಸಬೇಕು.

“ಸಂಜಿ ಮುಂದ ಕೆಳಗಿನ ಗಡಿಗಿ ತುಂಬ್ತೇನಿ. ಮುಂಜಾನೆದ್ದು ಮ್ಯಾಲಿನವು. ಮಧ್ಯಾಹ್ನ ಅವರು ಬರೂದ್ರಾಗ ಆಗಬೇಕಲ್ಲ.”

“ಯಾರವ್ವಾ ಬರೂದು?” ಕರೀಂಸಾಬ ಕೇಳಿದ.

“ಇವರೇ. ವಾಡ್ಯವರು. ದಿನಾ ಬರ್ತಾರ.” ಆಕೆ ಸಹಜವಾಗಿ ಹೇಳಿದಳು. “ಆ ದಿನ ನಮ್ಮ ಮನಿಯವರು ಹೊಸ್ತಿಲ ದಾಟೂ ಮುಂದ ನನಗಂದ್ರು, ನಾ ಬರೂತನಕ ಎಲ್ಲಿಗೂ ಹೋಗಬ್ಯಾಡ, ನೀರು ತುಂಬಿ ಇಡು, ನೀರಡಿಸಿ ಬರ್ತೇವಿ ಅಂತ. ಉಳಿದ ಹೆಂಗಸರು ಲಾರಿ ಹತ್ತಿದ್ರು. ನನ್ನನ್ನೂ ಎಳದ್ರು. ನಾ ಹೆಂಗ ಹೋಗ್ಲಿ? ಅವರು ಹೇಳಿ ಹೋಗ್ಯಾರ.”

ಆಕೆಯ ಗಂಡನ ಹೆಸರು ನಬಿಸಾಬ. ಮದುವೆಯ ದಿನ ದೇವೀಂದ್ರಪ್ಪ ಅವನನ್ನು ನೋಡಿದ್ದ. ನಾಚಿಕೆಯ ಹುಡುಗ, ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದ.

ಬಾಗಿಲ ಹತ್ತಿರ ತಿರುಗಿ ಬರುತ್ತಲೇ ಕರೀಂಸಾಬನ ತಾಳ್ಮೆ ಹರಿಯಿತು. ತಂಗಿಯ ಎರಡೂ ರಟ್ಟೆ ಹಿಡಿದ. “ನಬಿಸಾಬ ಇಲ್ಲ, ಲಾಲೀ. ಕಣಿವಿ ಮ್ಯಾಲ ಕಲ್ಲು ಒಟ್ಟ್ಯಾರ, ನೋಡಿಲ್ಲೇನು ನೀನು? ನಡಿ ಮನಿಗಿ!”

“ನೋಡೀನಿ,” ಎಂದಳು ಲಾಲ್‌ಬಿ. “ಅದಕ್ಕೇ ಅವರು ಅದನ್ನ ದಾಟಿ ಈ ಕಡಿ ಇಳಿಯಂಗಿಲ್ಲ. ಕೆಳಗಿನಿಂದ ಹತ್ತಿ ಅಲ್ಲೀತನಕ ಬಂದು, ತಿರುಗಿ ಹೋಗ್ತಾರ. ಮನಿ ಮುಟ್ಟಂಗಿಲ್ಲ. ನೀರರ ಸಿಗಬ್ಯಾಡೇನು ಅವರಿಗಿ?”

ಕರೀಂಸಾಬ ಎಳೆದ. ಆಕೆ ಜಗ್ಗಲಿಲ್ಲ. ಅಷ್ಟು ಸಣಕಲು ಮೈಯಲ್ಲಿ ಎಲ್ಲಿಯ ಬಲವೋ, ಬಾಗಿಲ ಚೌಕಟ್ಟನ್ನು ಹಿಡಿದವಳು ಕೈ ಬಿಡಲಿಲ್ಲ. ಕೂಗಲೂ ಇಲ್ಲ. ಅಣ್ಣನ ಮುಖ ನೋಡುತ್ತ ಸುಮ್ಮನೆ ಹಿಡಿದು ನಿಂತಳು. ಹೀಗೇ ಎಳೆದರೆ ಕೈ ಮುರಿಯಬಹುದು, ಆದರೆ ಆಕೆ ಬರುವುದಿಲ್ಲ ಅಂತ ದೇವೀಂದ್ರಪ್ಪನಿಗೆ ಅನ್ನಿಸಿತು. ತನ್ನ ಮನೆಯಲ್ಲಿ ಎಷ್ಟೋ ಸಲ ನೋಡಿದ್ದ ನೋಟ ಅದು. ಹೇಳಿ ಹೋದವರನ್ನು ಕೇಳದೆ ಹೊರಡದ ಹೆಂಗಸಿನ ನೋಟ.

“ಬಿಡು ಕರೀಂಭಾಯ್,” ಎಂದು ಮುಂದೆ ಬಂದ. “ತಂಗೀ, ನಿಮ್ಮವರು ಇರು ಅಂದಿದ್ದಕ್ಕ ನೀ ಇದ್ದಿ. ಖರೇ ಅದ. ಈಗ ಅಣ್ಣ ಕರಿಯಾಕ ಬಂದಾನ. ಹೋಗ್ಲೇನು ಅಂತ ಅವರಿಗೇ ಒಂದು ಮಾತು ಕೇಳಬಾರದೇನು?”

ಲಾಲ್‌ಬಿ ಅವನನ್ನು ಮೊದಲ ಸಲ ಸರಿಯಾಗಿ ನೋಡಿದಳು. ಕೈ ಚೌಕಟ್ಟಿನಿಂದ ಸಡಿಲಾಯಿತು.

“ಕೇಳಬಹುದೇನಣ್ಣಾ?”

“ಯಾಕ ಕೇಳಬಾರದು? ಗಂಡನ್ನ ಕೇಳೂದಕ್ಕೇನು ತಪ್ಪು?”

ಆಕೆ ಆಕಾಶ ನೋಡಿದಳು. ಹೊತ್ತು ನೆತ್ತಿಗೆ ಬರಲು ಸ್ವಲ್ಪವೇ ಉಳಿದಿತ್ತು. “ಹಂಗಾದ್ರ ಲಗೂನ ನಡೀರಿ,” ಎಂದು ಕೊಡ ಎತ್ತಿಕೊಂಡು ತಾನೇ ಮುಂದಾದಳು.

ಕಣಿವೆಯ ತಲೆಗೆ ಬಂದಾಗ ಯಾರಿಗೂ ನೆರಳಿರಲಿಲ್ಲ, ಕಾಲಡಿಯೇ ಸೇರಿಕೊಂಡಿತ್ತು. ಲಾಲ್‌ಬಿ ಖಾಲಿ ಗಡಿಗಿಗೆ ಕೊಡದ ನೀರು ಬಗ್ಗಿಸಿ, ಚಿಪ್ಪು ಬೋರಲು ಹಾಕಿ, ಕೆಳಗಿನ ಹಾದಿಯ ಕಡೆ ಕೈ ಬಾಯಿಗೆ ಹಿಡಿದು ಕೂಗಿದಳು. “ಆವೋ... ಪಾನೀ ಪೀಕೇ ಜಾವೋ...” ಆ ಕೂಗು ಬಂಡೆಯಿಂದ ಬಂಡೆಗೆ ಹಾಯ್ದು ಇಳಿದು ಹೋಯಿತು. ಕಮಲಾಪುರದ ಮಂದಿ ದಿನಾ ಕೇಳಿ ಬಾಗಿಲು ಹಾಕಿಕೊಳ್ಳುವ ಕೂಗು ಇದೇ ಅಂತ ದೇವೀಂದ್ರಪ್ಪನಿಗೆ ಗೊತ್ತಾಯಿತು. ಹತ್ತಿರದಿಂದ ಕೇಳಿದರೆ ಅದರಲ್ಲಿ ಹೆದರಿಸುವುದೇನೂ ಇರಲಿಲ್ಲ. ಉಣ್ಣಲು ಕರೆಯುವ ದನಿ, ಅಷ್ಟೇ.

“ಹಾದಿ ಬಿಡ್ರಿ,” ಎಂದು ಆಕೆ ಇಬ್ಬರನ್ನೂ ಬದಿಯ ಬಂಡೆಗೆ ಒತ್ತಿ ನಿಲ್ಲಿಸಿದಳು. “ಅವರು ಬರಾಕತ್ತಾರ.”

ಏನೂ ಇರಲಿಲ್ಲ. ಬಿಸಿಲು, ಕಲ್ಲು, ಕುಣಿಯುವ ಝಳ. ಅದರ ಆಚೆ ಹಳ್ಳದ ತಿರುವು. ದೇವೀಂದ್ರಪ್ಪ ಆ ತಿರುವನ್ನೇ ನೋಡುತ್ತಿದ್ದ.

ಅಲ್ಲಿ ಒಂದು ಕಲ್ಲು ಉರುಳಿತು.

ಸಣ್ಣ ಕಲ್ಲು. ಹತ್ತುವವನ ಕಾಲಿಗೆ ತಾಗಿ ಕೆಳಗೆ ಜಾರುವಂಥದು. ಅದು ನಿಲ್ಲುವುದರೊಳಗೆ ಅದಕ್ಕಿಂತ ಸ್ವಲ್ಪ ಈಚೆ ಇನ್ನೊಂದು ಜಾರಿತು. ಆಮೇಲೆ ಇನ್ನೂ ಈಚೆ. ಗಾಳಿ ಇರಲಿಲ್ಲ. ಬಾರಿಕಂಟಿಯ ಒಂದು ಕಡ್ಡಿ ಅಲುಗುತ್ತಿರಲಿಲ್ಲ. ಹಾದಿಯ ಮೇಲಿನ ಮುರುಮು ಮಾತ್ರ ಕರಕರ ಎನ್ನುತ್ತ, ಒಬ್ಬರ ಹಿಂದೆ ಒಬ್ಬರು ದಣಿದು ಹತ್ತುವ ಸಾಲಿನ ಹಾಗೆ, ತಿರುವಿನಿಂದ ಮೇಲಕ್ಕೆ, ಅವರ ಕಡೆಗೆ ಬಂತು. ದೇವೀಂದ್ರಪ್ಪ ಶಿವನ ಹೆಸರು ನೆನೆದ. ಮುಖಕ್ಕೆ ಬಿಸಿ ತಾಗಿತು. ಬೆವರಿನ ವಾಸನೆ, ಬೀಡಿಯ ವಾಸನೆ, ಕುರಿಯ ಉಣ್ಣೆಯ ವಾಸನೆ. ಒಂದು ಹಾಯ್ದು ಹೋಗುವುದು, ಮತ್ತೊಂದು ಬರುವುದು. ಯಾರದೋ ಹೆಗಲು ತನ್ನ ಹೆಗಲಿಗೆ ಉಜ್ಜಿ ಹೋದಂತಾದಾಗ ಕಣ್ಣು ಮುಚ್ಚಿಬಿಟ್ಟ.

ಪಕ್ಕದಲ್ಲಿ ಕರೀಂಸಾಬನ ದನಿ ಕೇಳಿಸಿತು. ಒಂದೇ ಮಾತು, ಬಹಳ ಸಣ್ಣಗೆ. “ಸಲಾಮ್.” ಸ್ವಲ್ಪ ತಡೆದು ಮತ್ತೆ, “ಸಲಾಮ್.” ಹಾಯ್ದು ಹೋಗುವ ಒಬ್ಬೊಬ್ಬರಿಗೂ ಹೇಳುವವನ ಹಾಗೆ.

ಗಡಿಗಿಯ ಹತ್ತಿರ ಚಿಪ್ಪು ಕಲ್ಲಿಗೆ ತಾಗಿದ ಸದ್ದಾಯಿತು.

“ಏಜೀ, ಕೇಳಸ್ತದೇನು?” ಲಾಲ್‌ಬಿ ಮಾತಾಡುತ್ತಿದ್ದಳು. ಹೊಸ ಹೆಂಡತಿ ಹತ್ತು ಮಂದಿಯ ಎದುರಿಗೆ ಗಂಡನನ್ನು ಕರೆಯುವಾಗಿನ ಸಂಕೋಚ ಆ ದನಿಯಲ್ಲಿತ್ತು. “ಭಾಯಿ ಬಂದಾನ. ಮನಿಗಿ ನಡಿ ಅಂತಾನ. ಗಡಿಗಿ ಎಲ್ಲಾ ತುಂಬೀನಿ. ನಾಳಿಂದ ತುಂಬಾಕ ಆಗಂಗಿಲ್ಲ. ಒಲ್ಲೆ ಅಂದ್ರ ಇರ್ತೇನಿ. ಹೋಗ್ಲೇನು?”

ಆಮೇಲೆ ಸುಮ್ಮನಾದಳು. ಆ ಮೌನ ಎಷ್ಟು ಹೊತ್ತು ಇತ್ತೋ ದೇವೀಂದ್ರಪ್ಪನಿಗೆ ಆಮೇಲೆ ಎಂದೂ ಹೇಳಲಾಗಲಿಲ್ಲ. ಕಾದ ಬಂಡೆ ಬೆನ್ನು ಸುಡುತ್ತಿತ್ತು, ಅವನು ಅಲುಗಲಿಲ್ಲ. ಯಾವ ಉತ್ತರವೂ ಅವನ ಕಿವಿಗೆ ಬೀಳಲಿಲ್ಲ. ಆದರೆ ಉತ್ತರ ಕೇಳುವವರು ನಡುವೆ ‘ಹೂಂ, ಹೂಂ’ ಎನ್ನುತ್ತಾರಲ್ಲ, ಹಾಗೆ ಆಕೆ ಎರಡು ಸಲ ‘ಹೂಂ’ ಎಂದದ್ದು ಕೇಳಿಸಿತು.

ಕಣ್ಣು ತೆಗೆದಾಗ ಹಾದಿ ಖಾಲಿಯಿತ್ತು. ಕಲ್ಲುಗುಡ್ಡೆಯ ಮೇಲೆ ಧೂಳು ತೆಳ್ಳಗೆ ಎದ್ದು ಇಳಿಯುತ್ತಿತ್ತು. ಲಾಲ್‌ಬಿ ಕೊಡವನ್ನು ಗಡಿಗಿಯ ಪಕ್ಕದಲ್ಲಿಟ್ಟು, ಸೀರೆಯ ಸೆರಗಿನಿಂದ ಕೈ ಒರೆಸಿಕೊಂಡು ಬಂದಳು.

“ಹೋಗು ಅಂದ್ರು,” ಎಂದಳು.

ಇಳಿಯುವಾಗ ಲಾಲ್‌ಬಿ ಮುಂದೆ ನಡೆದಳು. ಗಡಿಗಿಗಳ ಹತ್ತಿರ ಆಕೆ ನಿಲ್ಲಲಿಲ್ಲ, ಒಂದನ್ನೂ ಮುಟ್ಟಲಿಲ್ಲ. ಅರ್ಧ ಹಾದಿಗೆ ದೇವೀಂದ್ರಪ್ಪನ ತತ್ರಾಣಿ ಖಾಲಿಯಾಗಿ, ತಲೆ ತಿರುಗಿ ಕಾಲು ತೊಡರಿತು. ಆಗ ಆಕೆಯೇ ಒಂದು ಗಡಿಗಿಯಿಂದ ಚಿಪ್ಪು ತುಂಬ ನೀರು ತಂದು ಅವನ ಮುಂದೆ ಹಿಡಿದಳು. “ಕುಡಿ ಅಣ್ಣಾ. ಅವರ ಪಾಳಿ ಮುಗದದ.” ಅವನು ಕುಡಿದ. ತಣ್ಣಗಿತ್ತು, ಸ್ವಲ್ಪ ಮಣ್ಣಿನ ರುಚಿ ಇತ್ತು.

ಊರು ಮುಟ್ಟುವಾಗ ಬಿಸಿಲು ಇಳಿದಿರಲಿಲ್ಲ. ಗುಡ್ಡದಿಂದ ಬರುವ ಮೂವರನ್ನು ಕಂಡು ತೋಟದಲ್ಲಿದ್ದವರು ಕೆಲಸ ಬಿಟ್ಟು ನಿಂತರು. ಓಣಿಯಲ್ಲಿ ಒಂದು ಬಾಗಿಲು ಮುಚ್ಚಿತು, ಅದರ ಹಿಂದೆ ಇನ್ನೊಂದು. ಗಂಡಸರು ಕೆಲವರು ನೆಲ ನೋಡುತ್ತ ಪಕ್ಕಕ್ಕೆ ಸರಿದರು. ದೆವ್ವವನ್ನು ಕಂಡು ಹೆದರಿದವರ ಮುಖ ಬೇರೆ, ಇದು ಬೇರೆ ಅಂತ ದೇವೀಂದ್ರಪ್ಪ ನೋಡಿದ. ಕರೀಂಸಾಬನೂ ನೋಡಿದ. ಇಬ್ಬರೂ ನಡೆಯುತ್ತಲೇ ಹೋದರು.

ಹಣಮಮ್ಮ ತನ್ನ ಕಟ್ಟೆಯ ಮೇಲೆ ನಿಂತಿದ್ದಳು. ಇಳಿದು ಬಂದು ಲಾಲ್‌ಬಿಯ ಕೈ ಹಿಡಿದಳು. ಹಿಡಿದು, ತಿರುಗಿಸಿ, ಅಂಗೈ ಒತ್ತಿ ನೋಡಿದಳು.

“ಯವ್ವಾ, ಮನುಷ್ಯಾಳೇ ಅದಾಳಲ್ಲೋ!” ಎಂದು ಬಾಯಿಗೆ ಸೆರಗು ಒತ್ತಿಕೊಂಡಳು. “ಇಷ್ಟು ದಿನ ಕಲ್ಲಿನ ಮ್ಯಾಲ ರೊಟ್ಟಿ ಇಟ್ಟೆವಲ್ಲೇ ನಿನಗ. ಮನಿಯಾಗ ಕರದು ಹಾಕಬೇಕಿತ್ತು.”

ಲಾಲ್‌ಬಿ ಆಕೆಯ ಬಾಡಿದ ಮುಖವನ್ನು ನೋಡಿ, “ರೊಟ್ಟಿ ಛಲೋ ಇರ್ತಿದ್ವು,” ಎಂದಳು. ಅದನ್ನು ಕೇಳಿ ಹಣಮಮ್ಮ ಅಲ್ಲೇ ಕುಸಿದು ಕೂತಳು.

ಅವತ್ತೇ ಟಾಂಗಾ ಕಟ್ಟಿ ಹೊರಟರು. ಕಲಬುರ್ಗಿಗೆ ಬಂದಾಗ ಕರೀಂಸಾಬ ಮೋಮಿನಪುರಕ್ಕೆ ಹೋಗದೆ ಮೊದಲು ದೇವೀಂದ್ರಪ್ಪನ ಮನೆ ಮುಂದೆಯೇ ಕುದುರೆ ನಿಲ್ಲಿಸಿದ. ಹೆಂಗಸರಿಲ್ಲದ ಮನೆ ಅವನದು. ಹೆಂಗಸೊಬ್ಬಳ ಕೈಗೆ ಒಪ್ಪಿಸಬೇಕು ಅನ್ನಿಸಿರಬೇಕು. ನೀಲಗಂಗಮ್ಮ ಆಕೆಯ ಕೈ ಹಿಡಿದು ಒಳಗೆ ಕರೆದುಕೊಂಡಳು. ಬಿಸಿನೀರು ಕಾಸಿ ಮೈ ತೊಳೆದಳು, ತನ್ನ ಸೀರೆ ಉಡಿಸಿದಳು, ಪಡಸಾಲೆಯ ಚಾಪೆಯ ಮೇಲೆ ಕೂಡಿಸಿ ತಲೆ ಬಾಚಿದಳು. ಲಾಲ್‌ಬಿ ಎಲ್ಲದಕ್ಕೂ ಒಪ್ಪಿದ ಕೂಸಿನ ಹಾಗೆ ಇದ್ದಳು. ಆಮೇಲೆ ಇದ್ದಕ್ಕಿದ್ದಂತೆ ಮುಖ ಕಿವುಚಿ ಕಾಲು ಹಿಂದೆ ಎಳೆದುಕೊಂಡಳು.

“ಏನವ್ವಾ?”

“ಕಾಲು ಉರಿಯಾಕತ್ತಾವ ಅಕ್ಕಾ.”

ನೀಲಗಂಗಮ್ಮ ದೀಪ ಹತ್ತಿರ ತಂದಳು. ಅಂಗಾಲು ಪೂರಾ ಸೀಳಿತ್ತು, ಕಾದ ಕಲ್ಲಿನ ಸುಟ್ಟ ಗಾಯ ಒಂದರ ಮೇಲೊಂದು ಒಣಗಿ ತೊಗಲಿನಂತಾಗಿತ್ತು. ಇಷ್ಟು ತಿಂಗಳು ಇದರ ಮೇಲೆಯೇ ನಡೆದಿದ್ದಳು. ನೀಲಗಂಗಮ್ಮ ಔಡಲೆಣ್ಣೆ ತಂದು ಹಚ್ಚಲು ಕೈ ಮುಟ್ಟಿಸಿದಳೋ ಇಲ್ಲವೋ, ಲಾಲ್‌ಬಿ ಚೀರಿದಳು. ಮೊದಲು ನೋವಿಗೆ ಚೀರಿದಳು. ಚೀರು ಅಳುವಾಯಿತು. ಆ ಅಳು ನಿಲ್ಲದೆ ಏರುತ್ತ ಹೋಗಿ, ಗಂಡನ ಹೆಸರು ಹಿಡಿದು ಕರೆದು ಕರೆದು ಓಣಿಗೆಲ್ಲ ಕೇಳುವ ಹಾಗಾಯಿತು. ನೀಲಗಂಗಮ್ಮ ಆ ಕಾಲುಗಳನ್ನು ತೊಡೆಯ ಮೇಲಿಟ್ಟುಕೊಂಡು ಎಣ್ಣೆ ಹಚ್ಚುವುದನ್ನು ಬಿಡಲಿಲ್ಲ.

ಹೊರಗೆ ಕರೀಂಸಾಬ ಕುದುರೆಯ ಕುತ್ತಿಗೆಗೆ ಹಣೆ ಆನಿಸಿ ನಿಂತಿದ್ದ. ದೇವೀಂದ್ರಪ್ಪ ಹತ್ತಿರ ಹೋದ.

“ಒಳಗ ಹೋಗು ಕರೀಂಭಾಯ್.”

“ಅಳ್ಲಿ,” ಎಂದ ಕರೀಂಸಾಬ. “ಅಳ್ಲಿ. ತಡೀಬ್ಯಾಡ್ರಿ.”